ಶೆಫೀಲ್ಡಿಗೆ ಹೋದ ಗಿಣಿ ಉಳಿ

ಚಾಮರಾಜಪೇಟೆ, ಹೊರಡುವ ಮೊದಲು

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿ ಏನೇನು ಕಂಡೆವು ಎಂದು ಬರೆಯುತ್ತಾರೆ. ನಾನು ಇಪ್ಪತ್ತು ದಿನ ಇದ್ದು ಬಂದರೂ ಕಂಡದ್ದು ಅಷ್ಟಕ್ಕಷ್ಟೆ. ಅರ್ಧ ಹೊತ್ತು ನಾನು ನೋಡುತ್ತಿದ್ದುದು ನನ್ನ ಕೈಚೀಲದ ಒಳಗನ್ನೇ. ಅದರಲ್ಲಿ ಅಪ್ಪನ ಉಳಿ ಇತ್ತು. ಅದು ಇದೆಯೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳದಿದ್ದರೆ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಅಪ್ಪ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳನ್ನು ಕೆತ್ತುವವರು. ಚಾಮರಾಜಪೇಟೆ, ಬಸವನಗುಡಿ, ಎನ್.ಆರ್. ಕಾಲೋನಿಗಳಲ್ಲಿ 'ಅಚ್ಚಿನ ಆಚಾರ್ರು' ಎಂದರೆ ಮನೆ ತೋರಿಸುತ್ತಿದ್ದರು. ಸಂಕ್ರಾಂತಿಗೆ ಎಳ್ಳಿನ ತಟ್ಟೆಯಲ್ಲಿಡುವ ಆನೆ, ಮೀನು, ಬೃಂದಾವನ, ಗಿಣಿ ಇವೆಲ್ಲವನ್ನೂ ಮೊದಲು ತೇಗದ ಎರಡು ಹೋಳುಗಳಲ್ಲಿ ಅರ್ಧರ್ಧವಾಗಿ ಒಳಮುಖಕ್ಕೆ ಕೆತ್ತಬೇಕು. ಹೋಳುಗಳನ್ನು ಜೋಡಿಸಿ ಕಟ್ಟಿ, ಪಾಕ ಹುಯ್ದು, ಆರಿದ ಮೇಲೆ ಬಿಚ್ಚಿದರೆ ಇಡೀ ಗೊಂಬೆ ಹೊರಗೆ ಬರುತ್ತದೆ. ಆನೆ, ಮೀನುಗಳನ್ನು ಕೈ ಪಳಗಿದ ಯಾವ ಬಡಗಿಯಾದರೂ ಕೆತ್ತಿಯಾನು. ಕಷ್ಟವೆಲ್ಲ ಗಿಣಿಯದು. ಕೊಕ್ಕಿನ ಒಳಗೆ ಕೂದಲೆಳೆಯಷ್ಟು ಒರಟು ಉಳಿದರೂ ಸಕ್ಕರೆ ಅಲ್ಲಿ ಕಚ್ಚಿಕೊಳ್ಳುತ್ತದೆ. ಬಿಚ್ಚಿದಾಗ ಕೊಕ್ಕು ಮರದಲ್ಲೇ ಉಳಿದು, ಬೋಳು ಮೂತಿಯ ಗಿಣಿ ಕೈಗೆ ಬರುತ್ತದೆ. ಅಂಥದನ್ನು ಎಳ್ಳಿನ ಜೊತೆ ಯಾರ ಕೈಗೆ ಕೊಡುವುದು? ಮನೆಯ ಮಕ್ಕಳ ಬಾಯಿಗೆ ಹಾಕಿ ಮುಗಿಸಬೇಕು.

ಈ ಕೊಕ್ಕಿಗೆಂದೇ ಅಪ್ಪನ ಹತ್ತಿರ ದುಂಡು ಬಾಯಿಯ ಒಂದು ಪುಟ್ಟ ಉಳಿ ಇತ್ತು. ಮನೆಯಲ್ಲಿ ಅದಕ್ಕೆ ಗಿಣಿ ಉಳಿ ಎಂದೇ ಹೆಸರು. ಅಪ್ಪನಿಗೆ ಹಳೆಯ ಉಳಿಗಳನ್ನು ಕೂಡಿಹಾಕುವ ಹುಚ್ಚು. ಭಾನುವಾರ ಬಂದರೆ ಸಿಟಿ ಮಾರ್ಕೆಟ್ಟಿನ ಹತ್ತಿರದ ಗುಜರಿಯಲ್ಲಿ ಕುಕ್ಕರಗಾಲಲ್ಲಿ ಕೂತು ತುಕ್ಕು ಕಬ್ಬಿಣ ಕೆದಕುವರು. ಯುದ್ಧ ಮುಗಿದು ಬಿಳಿ ಸೋಲ್ಜರುಗಳು ಊರಿಗೆ ಹೊರಟ ಕಾಲದಲ್ಲಿ, ಯಾರದೋ ಪೆಟ್ಟಿಗೆಯಿಂದ ಬಿದ್ದ ಈ ಉಳಿ ಅಲ್ಲಿ ಅವರಿಗೆ ಸಿಕ್ಕಿತ್ತಂತೆ. ಹಿಡಿಯ ಬುಡದಲ್ಲಿ ಉಕ್ಕಿನ ಮೇಲೆ ಒಂದು ಮೊಲದ ಮುದ್ರೆ, ಕೆಳಗೆ ಶೆಫೀಲ್ಡ್ ಎಂಬ ಹೆಸರು. ಮನೆಯಲ್ಲಿ ಮೂರು ಪೆಟ್ಟಿಗೆ ಉಳಿಗಳಿದ್ದರೂ ಕೊಕ್ಕಿಗೆ ಮಾತ್ರ ಅದೊಂದೇ ಆಗುತ್ತಿತ್ತು.

ಎರಡು ವರ್ಷದಿಂದ ಗಿಣಿಗಳ ಕೊಕ್ಕು ಮುರಿಯತೊಡಗಿತ್ತು. ಎನ್.ಆರ್. ಕಾಲೋನಿಯ ಸೀತಮ್ಮನವರು ಸಂಕ್ರಾಂತಿಗೆ ಮೊದಲು ನೂರಾರು ಸಕ್ಕರೆ ಅಚ್ಚು ಹುಯ್ದು ಮಾರುವವರು, ಅಪ್ಪನ ಹಳೆಯ ಗಿರಾಕಿ. ಅವರೇ ಎರಡು ಸಲ ಅಚ್ಚುಗಳನ್ನು ವಾಪಸು ತಂದು, ಬೇಜಾರು ಮಾಡಿಕೊಳ್ಳಬೇಡಿ ಎನ್ನುತ್ತಲೇ ಜಗಲಿಯ ಮೇಲಿಟ್ಟು ಹೋಗಿದ್ದರು. ಉಳಿ ಸವೆದುಹೋಗಿದೆ ಎಂದರು ಅಪ್ಪ. ಸವೆದಿದ್ದದ್ದೂ ನಿಜವೇ. ಅದರ ಅಲಗು ನನ್ನ ಹೆಬ್ಬೆರಳಿನಷ್ಟು ಉಳಿದಿತ್ತು. ಎಸ್.ಪಿ. ರಸ್ತೆಯ ಅಂಗಡಿಗಳಿಂದ ನಾಲ್ಕು ತಂದು ನೋಡಿದರು. ಕಮ್ಮಾರನ ಹತ್ತಿರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಂದನ್ನು ಬಡಿಸಿಕೊಂಡು ಬಂದರು. ಯಾವುದೂ ಒಗ್ಗಲಿಲ್ಲ.

ಅಂಥ ಹೊತ್ತಿನಲ್ಲಿ ನನಗೆ ಇಂಗ್ಲೆಂಡಿನ ಕರೆ ಬಂತು. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ, ಕರಕುಶಲ ಕಲಿಸುವ ಟೀಚರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮಂಥ ಕೆಲವು ಶಿಕ್ಷಕರನ್ನು ಕರೆಸಿ, ಅಲ್ಲಿಯ ಶಾಲೆಗಳಲ್ಲಿ ಕರಕುಶಲ ಹೇಗೆ ಕಲಿಸುತ್ತಾರೆಂದು ತೋರಿಸುವ ಏರ್ಪಾಡು. ನನ್ನನ್ನು ಹಾಕಿದ್ದ ಊರು ಶೆಫೀಲ್ಡ್. ಆ ಹೆಸರು ಕೇಳಿದ್ದೇ ಅಪ್ಪ ಎದ್ದು ಒಳಗೆ ಹೋಗಿ ಗಿಣಿ ಉಳಿಯನ್ನು ತಂದು ನನ್ನ ಮುಂದೆ ಇಟ್ಟರು.

"ಇದನ್ನ ತೋರ್ಸಿ ಇದೇ ಥರದ್ದು ಇನ್ನೊಂದು ತಗೊಂಡ್ಬಾ. ಇದನ್ನ ಮಾತ್ರ ಯಾರ ಕೈಗೂ ಕೊಟ್ಟು ಬರ್ಬೇಡಮ್ಮ," ಎಂದರು.

ಚಿತ್ರ ಬರೆದುಕೊಂಡು ಹೋಗುತ್ತೇನೆ, ಉಳಿ ಮನೆಯಲ್ಲೇ ಇರಲಿ ಎಂದು ನಾನು ಗೋಗರೆದೆ. ನಾನು ಹುಟ್ಟು ಪುಕ್ಕಲಿ. ಮೆಜೆಸ್ಟಿಕ್ಕಿನಲ್ಲಿ ಬೋರ್ಡು ಓದಿ ಬಸ್ಸು ಹತ್ತಿದ ಮೇಲೂ ಇಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವವಳು. ಚಿತ್ರದಲ್ಲಿ ಉಕ್ಕು ಕಾಣುತ್ತದೆಯೇ ಎಂದು ಅಪ್ಪ ಕೇಳಿದರು. ಅಮ್ಮ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಉಳಿಯನ್ನು ಸುತ್ತಿ, ಮೇಲೆ ದಾರ ಕಟ್ಟಿ ಕೊಟ್ಟಳು.

ಬೊಂಬಾಯಿ, ವಿಮಾನ ನಿಲ್ದಾಣ

ಯಾರ ಕೈಗೂ ಕೊಡಬೇಡ ಎಂದು ಅಪ್ಪ ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಉಳಿಯನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡೆ. ತಪಾಸಣೆಯ ಹೆಣ್ಣು ಪೊಲೀಸು ಚೀಲಕ್ಕೆ ಕೈ ಹಾಕಿ ರೇಷ್ಮೆ ಗಂಟು ಹೊರಗೆ ತೆಗೆದಾಗಲೇ ನನಗೆ ಬುದ್ಧಿ ಬಂದದ್ದು. ಆಕೆ ಮೊದಲು ಚಿನ್ನವೆಂದುಕೊಂಡಿರಬೇಕು. ದಾರ ಬಿಚ್ಚಿದರೆ ಎಣ್ಣೆ ಸವರಿದ, ಮಿರಮಿರ ಮಿಂಚುವ ಉಳಿ. ಇದರಿಂದ ಏನು ಮಾಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದಳು. ನನ್ನ ಹಿಂದಿ ಅಷ್ಟರಲ್ಲೇ ಇತ್ತು. ಸಕ್ಕರೆಯ ಗಿಣಿ ಮಾಡುತ್ತೇವೆ ಎಂದೆ. ಸುಳ್ಳು ಹೇಳಿದ್ದರೂ ಆಕೆ ಅಷ್ಟು ಅನುಮಾನದಿಂದ ನೋಡುತ್ತಿರಲಿಲ್ಲವೇನೋ.

ಮೇಲಧಿಕಾರಿ ಬಂದರು. ನನ್ನ ಹಿಂದೆ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಉಳಿಯನ್ನು ಒಂದು ಕಂದು ಲಕೋಟೆಯಲ್ಲಿ ಹಾಕಿ, ನನ್ನ ಹೆಸರು ಬರೆದು, ವಿಮಾನದ ಸಿಬ್ಬಂದಿಯ ವಶಕ್ಕೆ ಕೊಟ್ಟರು. ಇಳಿದ ಮೇಲೆ ವಾಪಸು ಕೊಡುತ್ತಾರಂತೆ. ಹೊರಟು ಎರಡು ದಿನವಾಗಿಲ್ಲ, ಆಗಲೇ ಉಳಿ ಬೇರೆಯವರ ಕೈಗೆ ಹೋಯಿತು. ಮೊದಲ ಸಲ ವಿಮಾನ ಹತ್ತಿದವಳು ಮೋಡ ನೋಡಲಿಲ್ಲ, ಊಟ ಸೇರಲಿಲ್ಲ. ಪರದೆಯಾಚೆಗೆ ಹೋದ ಲಕೋಟೆಯ ಮೇಲೇ ಧ್ಯಾನ.

ಲಂಡನ್ನಿನಲ್ಲಿ ಇಳಿದವಳು ಬಾಗಿಲ ಬಳಿಯೇ ಕಂಬದ ಹಾಗೆ ನಿಂತೆ. ಜನರೆಲ್ಲ ಹೊರಟುಹೋದರು. ಕಸ ಗುಡಿಸುವವರು ಬಂದರು. ನನ್ನ ಕಣ್ಣಲ್ಲಿ ನೀರಾಡತೊಡಗಿದಾಗ ಗಗನಸಖಿಯೊಬ್ಬಳು ಲಕೋಟೆ ಹಿಡಿದು ಓಡಿಬಂದು, ಮರೆತೇಬಿಟ್ಟಿದ್ದೆ ಎಂದು ನಕ್ಕಳು. ಆಕೆಗೆ ಅದು ನಗುವ ವಿಷಯವೇ. ನಾನು ಲಕೋಟೆಯನ್ನು ಅಲ್ಲೇ ಒಡೆದು, ಉಳಿಯನ್ನು ಕಣ್ಣಿಗೊತ್ತಿಕೊಂಡೆ.

ಶೆಫೀಲ್ಡ್, ಮೊದಲ ವಾರ

ಶೆಫೀಲ್ಡ್ ಗುಡ್ಡಗಳ ಊರು. ರಸ್ತೆಗಳೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು. ನನಗೆ ವಸತಿ ಕೊಟ್ಟದ್ದು ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯಲ್ಲಿ. ಮೊದಲ ದಿನ ಬಸ್ ಕಂಡಕ್ಟರ್ ಟಿಕೆಟ್ ಕೊಡುತ್ತಾ ನನ್ನನ್ನು 'ಲವ್' ಎಂದು ಕರೆದಾಗ ಕಿವಿಯೆಲ್ಲ ಬಿಸಿಯಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಡಲೇ ಎಂದುಕೊಂಡೆ. ಆಮೇಲೆ ನೋಡಿದರೆ ಅವನು ಎಂಬತ್ತು ವರ್ಷದ ಮುದುಕಿಯನ್ನೂ, ಮೀಸೆ ಹೊತ್ತ ಗಂಡಸನ್ನೂ ಹಾಗೆಯೇ ಕರೆಯುತ್ತಿದ್ದ. ಗಾಂಧಿಬಜಾರಿನ ಸೊಪ್ಪಿನವಳು ಬಂದವರನ್ನೆಲ್ಲ 'ಅವ್ವಾ' ಎನ್ನುವುದಿಲ್ಲವೇ, ಹಾಗೆ.

ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಅವರ ಉಪಚಾರ. ನಮ್ಮಲ್ಲಿ ಯಾರ ಮನೆಗಾದರೂ ಹೋದಾಗ ಕಾಫಿ ತಗೋತೀರಾ ಎಂದು ಕೇಳಿದರೆ ಬೇಡ ಎನ್ನಬೇಕು. ಅವರು ಮತ್ತೆ ಕೇಳುತ್ತಾರೆ. ಅಯ್ಯೋ, ಈಗ ತಾನೇ ಆಯ್ತು ಎನ್ನಬೇಕು. ಅಷ್ಟರಲ್ಲಿ ಲೋಟ ಕೈಗೆ ಬಂದಿರುತ್ತದೆ. ಮೊದಲ ಸಲಕ್ಕೇ ಹೂಂ ಎನ್ನುವವಳು ನಾಚಿಕೆಗೆಟ್ಟವಳು. ನಾನು ಬಂದ ಸಂಜೆಯೇ ಮಿಸೆಸ್ ಡಾಸನ್ ಚಹಾ ಬೇಕೆ ಎಂದು ಕೇಳಿದರು. ಬೇಡ ಎಂದೆ. ಸರಿ ಎಂದು ತಮಗೊಬ್ಬರಿಗೇ ಮಾಡಿಕೊಂಡು ನನ್ನೆದುರೇ ಕುಡಿದರು. ಆಲೂಗಡ್ಡೆ ಇನ್ನಷ್ಟು ಬಡಿಸಲೇ ಎಂದರು. ಬೇಡ ಎಂದೆ. ಬಟ್ಟಲು ಒಳಗೆ ಹೋಯಿತು. ಇನ್ನೊಂದು ಕಂಬಳಿ ಬೇಕೆ ಎಂದದ್ದಕ್ಕೂ ಅಭ್ಯಾಸಬಲದಿಂದ ಬೇಡ ಎಂದುಬಿಟ್ಟಿದ್ದೆ. ಮೂರು ದಿನ ಅರೆಹೊಟ್ಟೆ ಮತ್ತು ಚಳಿ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಈ ದೇಶದಲ್ಲಿ ಬೇಡ ಎಂದರೆ ಬೇಡವೇ ಎಂದು ಅರ್ಥ ಮಾಡಿಕೊಂಡೆ. ನಾಲ್ಕನೆಯ ದಿನದಿಂದ ಯಾರು ಏನು ಕೇಳಿದರೂ 'ಯೆಸ್ ಪ್ಲೀಸ್' ಎನ್ನುವುದನ್ನು ರೂಢಿ ಮಾಡಿಕೊಂಡೆ. ಹೊಟ್ಟೆ ತುಂಬಿತು, ಕಂಬಳಿಯೂ ಬಂತು. ಊರಿಗೆ ತಕ್ಕ ಹಾಗೆ ನಡೆದುಕೊಂಡೆನೆಂದು ಬೀಗಿದೆ ಕೂಡ.

ಶಾಲೆಗಳ ಭೇಟಿ ಮುಗಿದ ಮೇಲೆ ಸಂಜೆ ಉಳಿಯ ಬೇಟೆ. ನಾಲ್ಕು ಅಂಗಡಿ ತಿರುಗಿದೆ. ಉಳಿಗಳ ಸಾಲು ಸಾಲೇ ಇದ್ದವು. ನಮ್ಮ ಅಪ್ಪ ಕಂಡಿದ್ದರೆ ಅಲ್ಲೇ ಚಾಪೆ ಹಾಸಿಕೊಂಡು ಕೂತುಬಿಡುತ್ತಿದ್ದರು. ಆದರೆ ಅಷ್ಟು ಪುಟ್ಟದು, ಆ ದುಂಡಿನದು ಒಂದೂ ಇಲ್ಲ. ಮೊಲದ ಮುದ್ರೆ ತೋರಿಸಿದರೆ ತಲೆಯಾಡಿಸುತ್ತಿದ್ದರು. ಕೊನೆಯ ಅಂಗಡಿಯ ಯಜಮಾನ ಕನ್ನಡಕ ಹಾಕಿಕೊಂಡು ನೋಡಿ, ಆ ಮುದ್ರೆಯ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತೆಂದರು. ಆದರೆ ಅಲ್ಲಿ ಸಾಣೆ ಹಿಡಿಯುತ್ತಿದ್ದ ಆರ್ಥರ್ ಎಂಬ ಮುದುಕ ಇನ್ನೂ ಇದ್ದಾನೆ, ಕಾರ್ಖಾನೆ ಮುಚ್ಚುವಾಗ ಸಾಣೆ ಹಿಡಿಯದೆ ಉಳಿದ ಉಳಿಗಳನ್ನು ಅವನು ಎತ್ತಿಟ್ಟುಕೊಂಡಿರಬಹುದು ಎಂದೂ ಹೇಳಿದರು. ಅವರೇ ಫೋನು ಮಾಡಿ ಮುಂದಿನ ಬುಧವಾರಕ್ಕೆ ಭೇಟಿ ಗೊತ್ತು ಮಾಡಿದರು. ಮನೆಗೆ ಬಂದು, ಊರಿನಿಂದ ತಂದಿದ್ದ ಪಂಚಾಂಗ ತೆರೆದರೆ ಆ ಬುಧವಾರ ಆಯುಧಪೂಜೆ.

ಆಯುಧಪೂಜೆಯ ಬುಧವಾರ

ನಮ್ಮ ಮನೆಯಲ್ಲಿ ಆಯುಧಪೂಜೆಯೆಂದರೆ ಉಳಿ, ಕೊಡತಿ, ಗರಗಸಗಳಿಗೆಲ್ಲ ರಜ. ತೊಳೆದು, ಅರಿಶಿನ ಕುಂಕುಮವಿಟ್ಟು ಕೂರಿಸಿದರೆ ಮಾರನೆಯ ದಿನದವರೆಗೆ ಯಾವುದನ್ನೂ ಕೆಲಸಕ್ಕೆ ಹಚ್ಚುವಂತಿಲ್ಲ. ಪೆನ್ಸಿಲ್ ಚೂಪು ಮಾಡಿದ್ದಕ್ಕೆ ಚಿಕ್ಕವಳಿದ್ದಾಗ ನಾನು ಬೈಸಿಕೊಂಡಿದ್ದೇನೆ. ಸುಮ್ಮನೆ ತೋರಿಸಿ ಬರುವುದರಲ್ಲಿ ತಪ್ಪಿಲ್ಲವೆಂದು ಸಮಾಧಾನ ಮಾಡಿಕೊಂಡು, ಬೆಳಿಗ್ಗೆ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಉಳಿಯನ್ನಿಟ್ಟು, ಅಲಗಿಗೆ ಕುಂಕುಮ ಹಚ್ಚಿ, ಹಿತ್ತಲಿನ ಒಂದು ಹೂ ಏರಿಸಿ ಸ್ನಾನಕ್ಕೆ ಹೋದೆ. ವಾಪಸು ಬಂದಾಗ ಮಿಸೆಸ್ ಡಾಸನ್ ಬಾಗಿಲ ಚೌಕಟ್ಟು ಹಿಡಿದು ಬಿಳಿಚಿಕೊಂಡು ನಿಂತಿದ್ದರು. ಹಾಸಿಗೆಯ ಹೊದಿಕೆ ಬದಲಿಸಲು ಬಂದವರಿಗೆ ಕೆಂಪಾದ ಅಲಗು ಕಂಡಿತ್ತು. ಕುಂಕುಮವನ್ನು ನನ್ನ ಹಣೆಗೆ ಹಚ್ಚಿಕೊಂಡು ತೋರಿಸಿದ ಮೇಲೆ ಆಕೆ ಉಸಿರು ಬಿಟ್ಟರು. ಅವತ್ತಿನಿಂದ ಅಡಿಗೆಮನೆಯ ಚಾಕುಗಳನ್ನು ಮೇಲಿನ ಕಪಾಟಿನಲ್ಲಿ ಇಡತೊಡಗಿದರೆಂಬುದೂ ನಿಜ.

ಆರ್ಥರ್ ಅವರ ಕೋಣೆಯಿದ್ದದ್ದು ಒಂದು ಹಳೆಯ ಇಟ್ಟಿಗೆಯ ಅಂಗಳದೊಳಗೆ. ನಗರ್ತಪೇಟೆಯ ಗಲ್ಲಿಗಳಲ್ಲಿ ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಅಕ್ಕಸಾಲಿ ಇರುವಂತೆ, ಅಲ್ಲಿಯೂ ಒಂದೊಂದು ಕೋಣೆಯಲ್ಲಿ ಒಂದೊಂದು ಕಸುಬು. ಒಬ್ಬ ಕಾಯಿಸಿ ಬಡಿದದ್ದನ್ನು ಇನ್ನೊಬ್ಬ ಸಾಣೆ ಹಿಡಿಯಬೇಕು, ಮತ್ತೊಬ್ಬ ಹಿಡಿ ಹಾಕಬೇಕು. ಒಂದು ಬಾಗಿಲಲ್ಲಿ ಚಮಚಗಳಿಗೆ ಹೊಳಪು ಕೊಡುವ ಹೆಂಗಸರು, ಮಸಿ ತಾಗದಿರಲೆಂದು ಕಾಲಿಗೂ ಸೊಂಟಕ್ಕೂ ನ್ಯೂಸ್‌ಪೇಪರು ಸುತ್ತಿಕೊಂಡು, ಏನೋ ಪೋಲಿ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಸೀರೆಯನ್ನು ಮುಟ್ಟಿ ನೋಡಿ, ಇದನ್ನುಟ್ಟು ಇಲ್ಲಿಗೆ ಬರಬಾರದಿತ್ತು ಎಂದು ಮರುಗಿದರು.

ಆರ್ಥರ್ ಅವರಿಗೆ ಎಂಬತ್ತರ ಹತ್ತಿರ. ದೊಡ್ಡ ಸಾಣೆಕಲ್ಲಿನ ಹಿಂದೆ ಮರದ ಜೀನಿನಂಥದರ ಮೇಲೆ ಕುದುರೆ ಸವಾರನ ಹಾಗೆ ಕಾಲು ಅಗಲಿಸಿ ಕೂತಿದ್ದರು. ಗೋಡೆ, ಟೋಪಿ, ಹುಬ್ಬು ಎಲ್ಲದರ ಮೇಲೂ ಹಳದಿ ಕೆಸರು. ನನ್ನ ಕೈಯ ಉಳಿಯ ಮೇಲಿನ ಮೊಲವನ್ನು ನೋಡಿದ್ದೇ ಮುಖ ಅರಳಿತು. ಇಪ್ಪತ್ತನೆಯ ವಯಸ್ಸಿನಲ್ಲಿ ತಾವೇ ಸಾಣೆ ಹಿಡಿದದ್ದಿರಬಹುದು ಎಂದರು. ಅಪ್ಪನ ಬಗ್ಗೆ, ಗಿಣಿಯ ಬಗ್ಗೆ ಹೇಳಿದೆ. ಸಕ್ಕರೆಯ ಗಿಣಿ ಎಂದಾಗ ಬೊಂಬಾಯಿಯಲ್ಲಿ ಯಾರೂ ನಂಬಿರಲಿಲ್ಲ, ಇವರು ನಂಬಿದರು. ಉಳಿಯನ್ನು ಕೈಗೆ ತೆಗೆದುಕೊಂಡು, ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು. ಎಡಮೂಲೆ ಸವೆದು ವಾರೆಯಾಗಿದೆ ಎಂದು ಮುಖ ಹಿಂಡಿದರು. ಅಷ್ಟೊಂದು ವರ್ಷ ಅಪ್ಪ ಮನೆಯ ಮಸೆಗಲ್ಲಿನ ಮೇಲೆ ಮಸೆದು ಮಸೆದು, ಅವರ ಕೈಯ ಓರೆಗೆ ಆ ಬಾಯಿ ವಾರೆಯಾಗಿತ್ತು. ಅದೆಲ್ಲ ನನಗೆ ಗೊತ್ತಿತ್ತು.

ಇದನ್ನು ಸರಿ ಮಾಡಿಕೊಡಲೇ ಎಂದು ಆರ್ಥರ್ ಕೇಳಿದರು. ನನಗೆ ಸ್ಪಷ್ಟವಾಗಿ ಅರ್ಥವಾಯಿತು. "ಯೆಸ್ ಪ್ಲೀಸ್," ಎಂದೆ.

ಆ ಎರಡು ಮಾತು ನನ್ನ ಬಾಯಿಂದ ಬಂದದ್ದು ಹೇಗೆಂದು ಇವತ್ತಿಗೂ ಯೋಚಿಸುತ್ತೇನೆ. ಒಂದು ವಾರದಿಂದ ಚಹಾಕ್ಕೆ, ಆಲೂಗಡ್ಡೆಗೆ, ಕಂಬಳಿಗೆ ಹೇಳಿ ಹೇಳಿ ನಾಲಿಗೆ ಪಳಗಿತ್ತು. ತಪ್ಪಿತೆಂದು ಗೊತ್ತಾದ ಮೇಲಾದರೂ ನಿಲ್ಲಿಸಿ ಎನ್ನಬಹುದಿತ್ತು. ಅಷ್ಟರಲ್ಲಿ ಕಲ್ಲು ತಿರುಗತೊಡಗಿತ್ತು. ಅಷ್ಟು ವಯಸ್ಸಾದವರು, ಅಷ್ಟು ಪ್ರೀತಿಯಿಂದ ಬಗ್ಗಿದ್ದಾರೆ. ಅವರ ಕೈ ತಡೆಯುವುದು ಹೇಗೆ? ಹಿರಿಯರು ಬಡಿಸುವಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಲು ಹಿಂಜರಿಯುವ ಹಾಗೆ ಹಿಂಜರಿದು ನಿಂತೆ. ಬೆಳಿಗ್ಗೆ ಇಟ್ಟ ಕುಂಕುಮ ಮೊದಲು ನೀರಿನಲ್ಲಿ ಕರಗಿತು. ಆಮೇಲೆ ಅಪ್ಪನ ವಾರೆ ಹೋಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಆಯುಧಪೂಜೆಯ ದಿನ, ಪೂಜೆ ಮಾಡಿದ ಉಳಿಯನ್ನು, ನಾನೇ ಕೈಯಾರೆ ಸಾಣೆಗೆ ಕೊಟ್ಟು ನಿಂತಿದ್ದೆ.

ಆರ್ಥರ್ ಅದನ್ನು ಬಟ್ಟೆಯಲ್ಲಿ ಒರೆಸಿ ಕೈಗಿಟ್ಟರು. ಬಾಯಿ ಹೊಸದರ ಹಾಗೆ ನೆಟ್ಟಗಿತ್ತು. ಅಲಗು ಇನ್ನೂ ಗಿಡ್ಡವಾಗಿತ್ತು. ಬಹಳ ಚೆನ್ನಾಗಿದೆ, ಥ್ಯಾಂಕ್ಯೂ ಎಂದೆ. ಅವರು ಖುಷಿಯಿಂದ ಮೂಲೆಯ ಡಬ್ಬಿ ತಡಕಿ, ಅದೇ ಮೊಲದ ಮುದ್ರೆಯ, ಇನ್ನೂ ಸಾಣೆ ಕಾಣದ ಒಂದು ಒರಟು ಉಳಿಯನ್ನು ತೆಗೆದು, ಇದನ್ನು ತಯಾರು ಮಾಡಿಡುತ್ತೇನೆ, ಮುಂದಿನ ವಾರ ಬಾ ಎಂದರು.

ಶೆಫೀಲ್ಡ್, ಕೊನೆಯ ವಾರ

ಆಮೇಲಿನ ದಿನಗಳಲ್ಲಿ ನನಗೆ ಯಾವ ಶಾಲೆಯಲ್ಲಿ ಏನು ತೋರಿಸಿದರೋ ನೆನಪಿಲ್ಲ. ಅಪ್ಪನಿಗೆ ಮೂರು ಸಲ ಕಾಗದ ಬರೆದೆ. ಮೊದಲನೆಯದರಲ್ಲಿ ಉಳಿ ಕಳೆದುಹೋಯಿತೆಂದು ಬರೆದು, ಸುಳ್ಳು ಎಂದು ಹರಿದೆ. ಎರಡನೆಯದರಲ್ಲಿ ನಿಜ ಬರೆದು, ಓದಿದರೆ ಎದೆ ಒಡೆದುಕೊಂಡಾರೆಂದು ಹರಿದೆ. ಮೂರನೆಯದರಲ್ಲಿ ನಾನು ಕ್ಷೇಮ, ಇಲ್ಲಿ ಚಳಿ ಜಾಸ್ತಿ ಎಂದಷ್ಟೇ ಬರೆದು ಅಂಚೆಗೆ ಹಾಕಿದೆ.

ಅದು ಹೋದ ಮಾರನೆಯ ದಿನವೇ ಅಪ್ಪನ ಕಾಗದ ಬಂತು. ಪೂಜೆಗೆ ಮುಂಚೆಯೇ ಬರೆದದ್ದು. ಈ ಸಲ ಗಿಣಿ ಉಳಿಯ ಜಾಗವನ್ನು ಖಾಲಿ ಬಿಟ್ಟು, ಅಲ್ಲೊಂದು ಹೂವಿಟ್ಟು ಪೂಜೆ ಮಾಡುವುದಾಗಿ ಬರೆದಿದ್ದರು. ಸೀತಮ್ಮನವರು ಹನ್ನೆರಡು ಜೊತೆ ಗಿಣಿಯ ಅಚ್ಚು ಹೇಳಿ ಹೋಗಿದ್ದಾರಂತೆ. ಇದೊಂದು ಸಲ ನೋಡುತ್ತೇನೆ ಆಚಾರ್ರೇ, ಆಗದಿದ್ದರೆ ಈಗೆಲ್ಲ ಬರುವ ಪ್ಲಾಸ್ಟಿಕ್ ಅಚ್ಚು ತರಿಸಿಕೊಳ್ಳುತ್ತೇನೆ ಎಂದರಂತೆ. 'ನೀನು ಬಂದ ಮೇಲೆ ಶುರು ಮಾಡುತ್ತೇನೆ. ಉಳಿ ಜೋಪಾನ' ಎಂದು ಕೊನೆಯಲ್ಲಿತ್ತು. ಆ ಕಾಗದವನ್ನು ಮತ್ತೆ ಓದುವ ಧೈರ್ಯ ನನಗಾಗಲಿಲ್ಲ.

ಹೊಸ ಉಳಿ ತರಲು ಹೋದಾಗ ಧೈರ್ಯ ಮಾಡಿ ಆರ್ಥರ್ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಆ ವಾರೆ ಕೆಟ್ಟದ್ದಾಗಿರಲಿಲ್ಲ, ಅಪ್ಪನದಾಗಿತ್ತು, ಅದನ್ನು ಮತ್ತೆ ತರಲು ಆಗುತ್ತದೆಯೇ ಎಂದು ಕೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಮಗೆ ಉಕ್ಕನ್ನು ತೆಗೆಯಲು ಮಾತ್ರ ಬರುತ್ತದೆ, ಹಾಕಲು ಬರುವುದಿಲ್ಲ ಎಂದರು. ಬೇಡ ಎಂದು ಹೇಳಿದ್ದರೆ ಮುಟ್ಟುತ್ತಿರಲಿಲ್ಲವಲ್ಲ ಎಂದು ಎರಡು ಸಲ ಹೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಒಬ್ಬರ ಉಳಿ ಕೆಡಿಸಿದ್ದಲ್ಲದೆ ಇನ್ನೊಬ್ಬರಿಗೆ ಪಾಪಪ್ರಜ್ಞೆಯನ್ನೂ ಕೊಟ್ಟು ಬಂದೆನಲ್ಲ ಎಂದು ಬಸ್ಸಿನಲ್ಲಿ ಅತ್ತೆ. ಏನಾಯಿತು ಲವ್ ಎಂದು ಕಂಡಕ್ಟರ್ ಕೇಳಿದ.

ಮತ್ತೆ ಚಾಮರಾಜಪೇಟೆ

ಬೊಂಬಾಯಿಯಿಂದ ಬರುವ ರೈಲಿನಲ್ಲಿ ಅಪ್ಪನೆದುರು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಸಿಟಿ ಸ್ಟೇಷನ್ನಿನಲ್ಲೇ ಹೇಳಿ ಮುಗಿಸಬೇಕೆಂದಿದ್ದೆ. ಅಪ್ಪ ಬಿಳಿ ಪಂಚೆ, ಇಸ್ತ್ರಿ ಷರಟು ಹಾಕಿಕೊಂಡು ಬಂದಿದ್ದರು. ನಾನು ಬಾಯಿ ಬಿಡುವ ಮೊದಲೇ ನೀನು ಬಡವಾಗಿದ್ದೀಯ ಎಂದರು. ಪಾಠವೆಲ್ಲ ಮರೆತುಹೋಯಿತು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಎರಡು ಉಳಿಗಳನ್ನೂ ಅವರ ಮುಂದಿಟ್ಟೆ. ಹೊಸದನ್ನು ನೋಡುವ ಮೊದಲು ಹಳೆಯದನ್ನೇ ಎತ್ತಿಕೊಂಡರು. ಹೆಬ್ಬೆರಳು ಬಾಯಿಯ ಎಡಮೂಲೆಗೆ ಹೋಗಿ ಅಲ್ಲೇ ನಿಂತಿತು.

"ಯಾರೋ ಸಾಣೆ ಹಿಡ್ದಿದಾರೆ," ಎಂದರು.

ನಾನು ಎಲ್ಲವನ್ನೂ ಹೇಳಿದೆ. ಚಹಾ, ಕಂಬಳಿ, ಯೆಸ್ ಪ್ಲೀಸ್, ಆಯುಧಪೂಜೆ, ಒಂದನ್ನೂ ಬಿಡಲಿಲ್ಲ. ಅಮ್ಮ ಬಾಯಿಗೆ ಸೆರಗು ಹಿಡಿದುಕೊಂಡಳು. ಅಪ್ಪ ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಅವರು ಮಸೆಗಲ್ಲಿಗೆ ನೀರು ಚಿಮುಕಿಸಿ ಎರಡನ್ನೂ ಒಂದಿಷ್ಟು ಮಸೆದು, ಒಂದು ಚೂರು ತೇಗದ ಮೇಲೆ ಆಡಿಸಿದರು. ಎರಡೂ ಬೆಣ್ಣೆಯಲ್ಲಿ ಹೋದ ಹಾಗೆ ಹೋದವು.

ಮಾರನೆಯ ದಿನ ಗಿಣಿ ಶುರುವಾಯಿತು. ನಾನು ಶಾಲೆಗೆ ಹೋಗದೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ರೆಕ್ಕೆ, ಬಾಲ, ಹೊಟ್ಟೆ, ಎಲ್ಲ ಎಂದಿನಂತೆ ಬಂದವು. ಕೊಕ್ಕಿಗೆ ಬಂದಾಗ ಹಳೆಯ ಉಳಿ ತೆಗೆದುಕೊಂಡರು. ಗೆರೆ ಜಾರಿತು. ಮರ ಬದಲಿಸಿ ಹೊಸ ಉಳಿ ಹಿಡಿದರು. ಗೆರೆ ಮತ್ತೆ ಅದೇ ಜಾಗದಲ್ಲಿ ಜಾರಿತು. ಮೂರನೆಯ ಮರ. ಈ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು ತಳ್ಳಿದರು. ಆಗ ನನಗೆ ಕಂಡಿತು. ಉಳಿಯ ತುದಿ ಮರ ಮುಟ್ಟುವ ಮೊದಲೇ ಗಾಳಿಯಲ್ಲಿ ಸಣ್ಣಗೆ ಅದುರುತ್ತಿತ್ತು.

ನಾನು ಓಡಿಹೋಗಿ ಪಕ್ಕದಲ್ಲಿ ಕೂತೆ. ಬಾಯಿ ಹಾಳಾಗಿದೆ ಅಪ್ಪ, ನಾನೇ ಕೆಡಿಸಿದೆ, ಆ ವಾರೆ ಇಲ್ಲದೆ ನಿಮಗೆ ಹಿಡಿತ ಸಿಗುತ್ತಿಲ್ಲ, ಹೊಸದು ಒಗ್ಗಲೂ ಒಂದು ವರ್ಷ ಬೇಕಾದೀತು ಎಂದು ಒಂದೇ ಉಸಿರಿಗೆ ಹೇಳಿದೆ. ಹದಿನೈದು ದಿನದಿಂದ ತಪ್ಪು ನನ್ನದಾಗದಿರಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡವಳು, ಆ ಗಳಿಗೆಯಲ್ಲಿ ನನ್ನದೇ ಆಗಿರಲಿ ಎಂದು ಬೇಡಿಕೊಂಡೆ.

ಅಪ್ಪ ಉಳಿಯನ್ನು ಮಣೆಯ ಮೇಲಿಟ್ಟರು.

"ಉಳಿ ಎರಡೂ ಚೆನ್ನಾಗಿವೆ ಕಣಮ್ಮ," ಎಂದರು. ಹಳೆಯದನ್ನು ಹೊಸದರ ಪಕ್ಕಕ್ಕೆ ಸರಿಸಿ, "ಎರಡು ವರ್ಷದಿಂದ್ಲೂ ಚೆನ್ನಾಗೇ ಇತ್ತು," ಎಂದರು.

ಅಷ್ಟು ಹೇಳಿ ಮರದ ಚೂರುಗಳನ್ನು ಗುಡಿಸಲು ಎದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಆ ವಾರದ ಕೊನೆಯಲ್ಲಿ ಸೀತಮ್ಮನವರು ಅಚ್ಚುಗಳು ಎಲ್ಲಿಗೆ ಬಂದವೆಂದು ನೋಡಲು ಬಂದರು. ಅಪ್ಪ ಜಗಲಿಯಲ್ಲೇ ಕೂತಿದ್ದರು. ಗಿಣಿ ಆಯಿತೇ ಆಚಾರ್ರೇ ಎಂದು ಕೇಳಿದರು. ಅಪ್ಪ ಪಂಚೆಯ ಮೇಲಿನ ಮರದ ಪುಡಿ ಕೊಡವಿಕೊಳ್ಳತೊಡಗಿದರು. ಅರವತ್ತೈದು ವರ್ಷದ ಮನುಷ್ಯ, ತನ್ನ ಕೈ ತನ್ನ ಮಾತು ಕೇಳುತ್ತಿಲ್ಲವೆಂದು ಗಿರಾಕಿಯ ಮುಂದೆ ಹೇಗೆ ಹೇಳಿಯಾರು? ನಾನು ಒಳಗಿನಿಂದ ಬಂದು, ಗಿಣಿ ಆಗುವುದಿಲ್ಲ, ಅಪ್ಪನ ಉಳಿಯನ್ನು ನಾನು ಇಂಗ್ಲೆಂಡಿಗೆ ತೆಗೆದುಕೊಂಡು ಹೋಗಿ ಸಾಣೆಗೆ ಕೊಟ್ಟು ಕೆಡಿಸಿಕೊಂಡು ಬಂದೆ ಎಂದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಸೀತಮ್ಮನವರು ಕೆಂಡವಾದರು. "ಓದಿರೋಳು ನೀನು. ಅಪ್ಪನ ಅನ್ನದ ಉಳಿ ಅದು. ಬೇಡ ಅನ್ನೋಕೆ ಬಾಯಿರ್ಲಿಲ್ವಾ ನಿಂಗೆ?"

ನನಗೆ ಯಾರಾದರೂ ಒಂದು ಮಾತು ಅಂದರೆ ಸಹಿಸದ ಅಪ್ಪ ಅವತ್ತು ಸುಮ್ಮನೆ ಕೂತಿದ್ದರು. ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಿದ್ದರು. ನಾನು ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡೆ. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರವಾಗಿತ್ತು.

ಆಮೇಲೂ ಅಪ್ಪ ಕೆಲವು ವರ್ಷ ಆನೆ, ಮೀನು ಕೆತ್ತಿದರು. ಗಿಣಿಗೆ ಮಾತ್ರ ಕೈ ಹಾಕಲಿಲ್ಲ. ಅವರು ಹೋಗಿ ಎರಡು ವರ್ಷವಾಯಿತು, ಅದಕ್ಕೇ ಈಗ ಇದನ್ನು ಬರೆಯುವ ಧೈರ್ಯ ಬಂದದ್ದು. ನಾನು ಇಂಗ್ಲೆಂಡಿನಿಂದ ಬಂದ ವರ್ಷದ ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ನನ್ನ ಮುಖ ನೋಡಿ, ಫಾರಿನ್ನಿಗೆ ಹೋಗಿ ಅಪ್ಪನ ಉಳಿ ಹಾಳು ಮಾಡಿದವಳು ಇವಳೇ ಅಂತೆ ಎಂದು ಪಿಸುಗುಟ್ಟಿಕೊಂಡರು. ಅಪ್ಪನ ಕೈಗೆ ಏನಾಗಿದೆ ಎಂದು ಯಾರೂ ಕೇಳಲಿಲ್ಲ.